ಬೆಂಚಿನಿಂದ ಬೆಂಚಿಗೆ

ಲಂಡನ್ನಿನ ಉತ್ತರ ಅಂಚಿನ ಎಜ್‌ವೇರಿನ ಒಂದು ಆರೋಗ್ಯ ಕೇಂದ್ರದಲ್ಲಿ ನಾನು ವಾರಕ್ಕೆ ಮೂರು ದಿನ ರಿಸೆಪ್ಷನ್ ಕೆಲಸ ಮಾಡುತ್ತಿದ್ದೆ. ಫೋನು ಎತ್ತುವುದು, ಜಿ.ಪಿ. ಡಾಕ್ಟರನ್ನು ಕಾಣಲು ಬಂದವರ ಹೆಸರು ಕೇಳಿ ಬರೆದುಕೊಳ್ಳುವುದು, ಅವರಿಗೆ ಕುರ್ಚಿ ತೋರಿಸಿ ಕೂತಿರಿ ಎನ್ನುವುದು. ನನಗೆ ಮಾತ್ರ ಕೂತಿರುವುದು ಆಗುತ್ತಿರಲಿಲ್ಲ. ಮಧ್ಯಾಹ್ನದ ಅರ್ಧ ಗಂಟೆ ಬಿಡುವು ಸಿಕ್ಕಿದ ಕೂಡಲೇ ಕೋಟು ಹಾಕಿಕೊಂಡು ಹೊರಗೆ ಬೀಳುತ್ತಿದ್ದೆ. ಚಪಾತಿ ಸುರುಳಿಯನ್ನು ಕೈಯಲ್ಲೇ ಹಿಡಿದು ತಿನ್ನುತ್ತಾ, ಸ್ಟೇಷನ್ ರಸ್ತೆಯ ಕೊನೆಯವರೆಗೆ ಹೋಗಿ, ಯಾರೋ ಅಟ್ಟಿಸಿಕೊಂಡು ಬಂದ ಹಾಗೆ ವಾಪಸು ಬರುತ್ತಿದ್ದೆ.

ಇದನ್ನು ಕೇಂದ್ರದ ಮ್ಯಾನೇಜರ್ ಗಮನಿಸಿದ್ದರು. ಅವರು ವೇಲ್ಸ್ ಕಡೆಯ ಹೆಂಗಸು, ಹೇಳಬೇಕಾದದ್ದನ್ನು ಒಂದೇ ಸಲಕ್ಕೆ ಹೇಳಿ ಮುಗಿಸುವವರು. "ಡಾಕ್ಟರು ಎಲ್ಲರಿಗೂ ನಡೆಯಿರಿ ಅನ್ನುತ್ತಾರೆ. ಎಲ್ಲಿ ನಡೆಯಬೇಕು ಅಂತ ಜನ ನನ್ನನ್ನು ಬಂದು ಕೇಳುತ್ತಾರೆ. ನೀನು ಹೇಗೂ ದಿನಾ ಸುತ್ತುತ್ತೀ. ಐದು ಸುಲಭವಾದ ದಾರಿ ಬರೆದುಕೊಡು, ಅಚ್ಚು ಹಾಕಿಸೋಣ" ಎಂದರು.

ನನಗೆ ಆದ ಸಂತೋಷವನ್ನು ಹೇಳಲಾರೆ. ಆ ಹೊತ್ತಿಗೆ ನಾನು ಲಂಡನ್ನಿಗೆ ಬಂದು ಎಂಟೊಂಬತ್ತು ವರ್ಷವಾಗಿತ್ತು. ತೊಂಬತ್ತರ ದಶಕದ ಶುರುವಿನಲ್ಲಿ ಧಾರವಾಡದಿಂದ ಬಂದ ದಿನದಿಂದಲೂ ನನ್ನ ಗಂಡ ಒಂದೇ ಮಾತು ಹೇಳುತ್ತಿದ್ದರು: "ಮುಂದಿನ ವರ್ಷ ಊರಿಗೆ ಹೊಳ್ಳಿ ಹೋಗೂಣು." ಅವರು ಕಟ್ಟಡಗಳ ನಕ್ಷೆ ಬರೆಯುವ ಕಚೇರಿಯಲ್ಲಿದ್ದರು. ಒಂದು ಕೆಲಸ ಮುಗಿದರೆ ಇನ್ನೊಂದು ಬರುತ್ತಿತ್ತು, ಮುಂದಿನ ವರ್ಷ ಅದರ ಮುಂದಿನ ವರ್ಷಕ್ಕೆ ಹೋಗುತ್ತಿತ್ತು. ಹೇಗೂ ಹೋಗುವವರು ಎಂದು ನಾವು ಫ್ಲಾಟಿಗೆ ಪರದೆ ಹೊಲಿಸಲಿಲ್ಲ, ಹಾಸಿಗೆಯ ಚಾದರ ಕಟ್ಟಿದ್ದೆವು. ಒಂದು ಟ್ರಂಕಿನ ಬೀಗವನ್ನು ತೆಗೆಯಲೇ ಇಲ್ಲ. ಇರುವವಳೂ ಅಲ್ಲ, ಹೋಗುವವಳೂ ಅಲ್ಲ ಎಂಬ ಆ ಸ್ಥಿತಿಯಲ್ಲಿ ಮನೆಯೊಳಗೆ ಕೂರಲಾಗುತ್ತಿರಲಿಲ್ಲ. ಮಗಳು ಕೂಸಾಗಿದ್ದಾಗ ಅವಳನ್ನು ತಳ್ಳುಗಾಡಿಯಲ್ಲಿ ಮಲಗಿಸಿ ನಡೆದೆ. ಅವಳು ಶಾಲೆಗೆ ಹೋಗತೊಡಗಿದ ಮೇಲೆ ಒಬ್ಬಳೇ ನಡೆದೆ. ಬರ್ನ್ಟ್ ಓಕ್, ಕಾಲಿನ್‌ಡೇಲ್, ಸ್ಟ್ಯಾನ್‌ಮೋರ್, ಕ್ವೀನ್ಸ್‌ಬರಿ, ಎತ್ತ ರಸ್ತೆ ತಿರುಗಿತೋ ಅತ್ತ. "ಎಲ್ಲಿಗೆ ಹೊಂಟಿ?" ಎಂದು ಗಂಡ ಕೇಳಿದರೆ, "ಇಲ್ಲೇ ಅಡ್ಡಾಡಿ ಬರ್ತೀನ್ರಿ" ಎನ್ನುತ್ತಿದ್ದೆ. "ನಿನ್ನ ಕಾಲಾಗ ಚಕ್ರ ಅದ ನೋಡು" ಎಂದು ಅವರು ಪತ್ರಿಕೆ ತಿರುವುತ್ತಿದ್ದರು.

ಆ ಅಲೆದಾಟ ಈಗ ಒಂದು ಕೆಲಸಕ್ಕೆ ಬಂತು. ಗಂಡನ ಕೈಗಡಿಯಾರ ಕಟ್ಟಿಕೊಂಡು, ಪೆನ್ಸಿಲ್ ಹಿಡಿದು, ಎರಡು ವಾರದಲ್ಲಿ ಐದು ದಾರಿ ನಡೆದು ಮುಗಿಸಿದೆ. ಅಡುಗೆಮನೆಯ ಮೇಜಿನ ಮೇಲೆ ಗಂಡ ಚಂದವಾದ ನಕ್ಷೆ ಬರೆದುಕೊಟ್ಟರು. ಹಳದಿ ಕಾಗದದ ಮೇಲೆ ಅಚ್ಚಾಯಿತು. ಪ್ರತಿ ದಾರಿಯ ಪಕ್ಕ ಎಷ್ಟು ನಿಮಿಷ, ಎಲ್ಲಿ ಶೌಚಾಲಯ, ಎಲ್ಲಿ ಬಸ್ಸು ಎಂದು ಬರೆದಿದ್ದೆ. ಕಾಗದದ ಕಟ್ಟನ್ನು ನನ್ನ ಮೇಜಿನ ಮೇಲೆ ಎಲ್ಲರಿಗೂ ಕಾಣುವಂತೆ ಇಟ್ಟುಕೊಂಡೆ.

ಮೂರು ವಾರ ಕಳೆದಿರಬೇಕು. ಒಂದು ಬೆಳಿಗ್ಗೆ ಫೋನಿನಲ್ಲಿ ಗಂಡನಿಗೆ "ಹಾಲು ತರೂದು ಮರೀಬ್ಯಾಡ್ರಿ" ಎಂದು ಹೇಳಿ ಇಟ್ಟೆ. ಎದುರಿಗೆ ಎಪ್ಪತ್ತರ ಹತ್ತಿರದ ಒಬ್ಬರು ಕೋಲು ಹಿಡಿದು ನಿಂತಿದ್ದರು. ಉಣ್ಣೆಯ ಟೋಪಿ, ಇಸ್ತ್ರಿ ಮಾಡಿದ ಪ್ಯಾಂಟು, ಮುಂಗೈಯಲ್ಲಿ ಹಳೆಯ ಸುಟ್ಟ ಕಲೆಗಳು.

"ಕನ್ನಡವಾ?" ಎಂದರು.

"ಹೌದ್ರಿ."

"ಧಾರವಾಡ ಕಡೆ ಅಲ್ದಾ, ಮಾತಲ್ಲೇ ಗೊತ್ತಾಯ್ತ್. ನಾನು ಕುಂದಾಪುರ." ಜೇಬಿನಿಂದ ಹಳದಿ ಕಾಗದ ತೆಗೆದು ಮಡಿಕೆ ಬಿಡಿಸಿದರು. "ಇದು ಬರ್ದದ್ದು ಯಾರು ಅಂತ ಗೊತ್ತಿತ್ತಾ ನಿಮ್ಗೆ?"

ಹೊಗಳಿಕೆ ಬರುತ್ತದೆ ಎಂದುಕೊಂಡು, "ನಾನೇ ಬರದದ್ದ್ರಿ" ಎಂದೆ.

"ಹಾಂಗಾದ್ರೆ ನಿಮ್ಮ ಹತ್ರವೇ ಹೇಳ್ಕ್. ಮೂರನೇ ದಾರಿ, ಕ್ಯಾನನ್ಸ್ ಪಾರ್ಕಿಗೆ ಹೋಪ್ದ್. ನಲವತ್ತು ನಿಮಿಷ ಅಂತ ಬರ್ದಿದ್ರಿ. ನಾನು ಒಂದು ಗಂಟೆ ನಡ್ದೆ, ಅರ್ಧವೂ ಮುಗೀಲಿಲ್ಲೆ."

"ನಾ ಖುದ್ದ ನಡದ ನೋಡೇ ಬರದೇನ್ರಿ. ಗಡಿಯಾರ ನೋಡಿಕೋತ ನಡದೇನಿ."

"ಆಗ ನಡ್ದದ್ದು ನೀವು. ಈಗ ನಡಿಯೂದು ನಾನಲ್ದಾ?"

ಅವರು ಸುತ್ತ ಒಮ್ಮೆ ನೋಡಿ ದನಿ ತಗ್ಗಿಸಿದರು. "ಅದು ಹೋಗ್ಲಿ. ಪಾರ್ಕಿನ ಮೂಲೆಯಲ್ಲಿ ಶೌಚಾಲಯ ಇತ್ತು ಅಂತ ಬರ್ದಿದ್ರಿ. ನಾನು ಆ ಧೈರ್ಯದ ಮೇಲೇ ಮುಂದೆ ಹೋದ್ದು. ಹೋಗಿ ಕಂಡ್ರೆ ಅದು ತೋಟದವ್ರು ಸಾಮಾನು ಇಡೂ ಕೋಣೆ. ನಂಗೆ ಸಕ್ಕರೆ ಕಾಯಿಲೆ. ತಡ್ಕಂಬ್ಕೆ ಆಯ್ಲಿಲ್ಲೆ." ಕಾಗದವನ್ನು ಮತ್ತೆ ಮಡಚುತ್ತಾ, "ವಾಪಸು ಬಸ್ಸಲ್ಲಿ ನಿಂತ್ಕಂಡೇ ಬಂದೆ. ಸೀಟಿತ್ತ್. ಕೂರೂ ಹಾಂಗಿರ್ಲಿಲ್ಲೆ" ಎಂದರು.

ಆ ಕಟ್ಟಡವನ್ನು ನಾನು ದೂರದಿಂದ ನೋಡಿದ್ದೆ. ಇಟ್ಟಿಗೆಯ ಗೋಡೆ, ಹಸಿರು ಬಾಗಿಲು, ಮೇಲೆ ಸಣ್ಣ ಕಿಟಕಿ. ಶೌಚಾಲಯವೇ ಇರಬೇಕು ಎಂದು ನಡೆಯುತ್ತಲೇ ಬರೆದುಕೊಂಡಿದ್ದೆ. ನಿಲ್ಲಲು ನನಗೆ ಪುರುಸೊತ್ತಿರಲಿಲ್ಲ, ಅಂಥ ಅವಸರವೇನೂ ಇಲ್ಲದಿದ್ದರೂ.

"ತಪ್ಪಾತ್ರಿ ಕಾಕಾ" ಎಂದೆ.

ಅವರು ಸ್ವಲ್ಪ ನಕ್ಕರು. "ಕಾಕಾ ಅಂದ್ರೆ ಕಾಗೆ ಕರ್ದ ಹಾಂಗೆ ಆತ್ತ್ ನಮ್ಗೆ. ಅಡ್ಡಿಲ್ಲೆ. ಬೈಯ್ಯೂಕೆ ಬಂದದ್ದಲ್ಲ ನಾನು. ಒಂದು ದಿವ್ಸ ನನ್ನೊಟ್ಟಿಗೆ ನಡ್ದು ಕಾಣಿ, ಮತ್ತೆ ಬರೀರಿ."

ಆ ದಿನವೇ ಆ ಕಾಗದದ ಕಟ್ಟನ್ನು ಮೇಜಿನಿಂದ ತೆಗೆದಿಟ್ಟೆ. ನನಗೆ ಕೆಲಸವಿಲ್ಲದ ಗುರುವಾರ ಇಬ್ಬರೂ ಎಜ್‌ವೇರ್ ಸ್ಟೇಷನ್ನಿನ ಎದುರು ಸೇರಿದೆವು. ಅವರು ಕ್ವೀನ್ಸ್‌ಬರಿಯಲ್ಲಿ ಮಗಳ ಮನೆಯಲ್ಲಿದ್ದರು, ಬಸ್ಸಿನಲ್ಲಿ ಬಂದಿದ್ದರು. ದಕ್ಷಿಣ ಲಂಡನ್ನಿನ ಟೂಟಿಂಗ್‌ನ ಒಂದು ಹೋಟೆಲಿನಲ್ಲಿ ಇಪ್ಪತ್ತೆರಡು ವರ್ಷ ದೋಸೆ ಹೊಯ್ದವರು. ಕಾವಲಿಯ ಮುಂದೆ ನಿಂತು ನಿಂತು ಮಂಡಿ ಸವೆದ ಮೇಲೆ ಮಗಳು ಕರೆದುಕೊಂಡು ಬಂದಿದ್ದಳಂತೆ.

ಆ ನಡಿಗೆಯಷ್ಟು ಕಷ್ಟದ ನಡಿಗೆ ನನಗೆ ಬೇರೆ ನೆನಪಿಲ್ಲ. ಹತ್ತು ಹೆಜ್ಜೆಗೆ ನಾನು ನಾಲ್ಕು ಹೆಜ್ಜೆ ಮುಂದಿರುತ್ತಿದ್ದೆ. ನಿಂತು ಕಾಯುತ್ತಿದ್ದೆ, ಅವರು ಬಂದು ಮುಟ್ಟುವಷ್ಟರಲ್ಲಿ ಮತ್ತೆ ಕಾಲು ಹೊರಡುತ್ತಿತ್ತು. ಹೈ ಸ್ಟ್ರೀಟಿನ ಸಿಗ್ನಲ್ಲಿನಲ್ಲಿ ದಾಟಿ ಎನ್ನುವ ಹಸಿರು ಮನುಷ್ಯನ ದೀಪ ಆರಿದಾಗ ಅವರಿನ್ನೂ ರಸ್ತೆಯ ನಡುವೆಯೇ ಇದ್ದರು. ಒಂದು ವ್ಯಾನು ಹಾರ್ನ್ ಹೊಡೆಯಿತು. ನಾನು ಈ ರಸ್ತೆಯನ್ನು ನೂರಾರು ಸಲ ದಾಟಿದ್ದೆ, ಅಲ್ಲಿ ಹಸಿರು ಅಷ್ಟು ಬೇಗ ಹೋಗುತ್ತದೆಂದು ತಿಳಿದಿರಲಿಲ್ಲ.

ಕ್ಯಾನನ್ಸ್ ಡ್ರೈವಿನ ಎತ್ತರದ ಮರಗಳ ಕೆಳಗೆ ಕಾಲುದಾರಿಯ ಕಲ್ಲುಗಳು ಬೇರಿಗೆ ಎದ್ದು ನಿಂತಿದ್ದವು. ಅದನ್ನೂ ನಾನು ಬರೆದಿರಲಿಲ್ಲ. ಬಾತುಕೋಳಿಯ ಕೊಳದ ಹತ್ತಿರ ಅವರು ಬೇಲಿ ಹಿಡಿದು ನಿಂತರು, ಬಹಳ ಹೊತ್ತು. ನಾನು ಗಡಿಯಾರ ನೋಡಿದೆ, ಕೊಳ ನೋಡಿದೆ, ಮತ್ತೆ ಗಡಿಯಾರ ನೋಡಿದೆ.

"ನಿಮ್ಗೆ ಎಲ್ಲಿಗಾದ್ರೂ ಹೋಪೂಕಿತ್ತಾ?" ಎಂದು ಕೇಳಿದರು.

"ಇಲ್ರಿ."

"ಮತ್ತೆಂತಕೆ?"

ಹತ್ತು ಹೆಜ್ಜೆ ನಡೆದ ಮೇಲೆ, ಅವರು ಮತ್ತೆ ಕೇಳದಿದ್ದರೂ, ಮುಂದಿನ ವರ್ಷದ ಮಾತು, ಹೊಲಿಸದ ಪರದೆ ಎಲ್ಲ ಹೇಳಿಬಿಟ್ಟೆ. ಮನೆಯವರ ಹತ್ತಿರ, ಕನ್ನಡದವರ ಕೂಟಗಳಲ್ಲಿ, ಎಲ್ಲಿಯೂ ಇದನ್ನು ಹೇಳಿರಲಿಲ್ಲ. ಅವರು ಸಮಾಧಾನದ ಮಾತು ಆಡಲಿಲ್ಲ. "ನಂಗೂ ಮಗಳ ಮನೆಯಲ್ಲಿ ಹಾಂಗೇ" ಎಂದರು. "ಎಂಟು ಗಂಟೆಗೆ ಎಲ್ಲ ಹೋತ್ರ್. ಮೊಮ್ಮಗ ಕನ್ನಡ ಅರ್ಥ ಮಾಡ್ಕಂತ, ಉತ್ರ ಮಾತ್ರ ಇಂಗ್ಲಿಷಲ್ಲೇ. ಟೂಟಿಂಗಲ್ಲಿ ಬೀದಿಗೆ ಇಳಿದ್ರೆ ಹತ್ತು ಜನ ಮಾತಾಡ್ಸ್ತಿದ್ರ್. ಇಲ್ಲಿ ಕೈಗೆ ಕೆಲ್ಸ ಇಲ್ಲೆ. ಸುಮ್ನೆ ಕೂತ್ರೆ ಕೈ ತುರಿಸಿದ ಹಾಂಗೆ ಆತ್ತ್."

ಅಷ್ಟು ನಿಧಾನವಾಗಿ ನಡೆಯುವವರೊಳಗೂ ನನ್ನಂಥದೇ ಚಡಪಡಿಕೆ ಇರಬಹುದೆಂದು ನನಗೆ ಅಲ್ಲಿಯವರೆಗೆ ಅನ್ನಿಸಿರಲಿಲ್ಲ.

ಕ್ಯಾನನ್ಸ್ ಪಾರ್ಕ್ ಸ್ಟೇಷನ್ ಮುಟ್ಟುವಷ್ಟರಲ್ಲಿ ಹೊರಟು ಒಂದು ಗಂಟೆ ಐವತ್ತು ನಿಮಿಷವಾಗಿತ್ತು. ಮುಂದಿನ ಗುರುವಾರಗಳಲ್ಲಿ ಉಳಿದ ನಾಲ್ಕು ದಾರಿಗಳನ್ನೂ ನಡೆದೆವು. ಒಂದು ದಾರಿಯಲ್ಲಿ ಅವರು ಮಧ್ಯದಲ್ಲೇ "ಇವತ್ತು ಆತಿಲ್ಲೆ" ಎಂದು ಬಸ್ಸು ಹತ್ತಿಬಿಟ್ಟರು. ನಾನು ಮಿಕ್ಕಿದ್ದನ್ನು ಓಡಿದ ಹಾಗೆ ಮುಗಿಸಿದೆ, ಮರುವಾರ ಅದನ್ನೇ ಮತ್ತೆ ಅವರೊಂದಿಗೆ ನಡೆದೆ. ಪ್ರತಿ ಶೌಚಾಲಯದ ಬಾಗಿಲನ್ನು ಕೈಯಿಂದ ದೂಡಿ ನೋಡಿ ಬರೆದುಕೊಂಡೆ. ಬೆಂಚಿನಿಂದ ಬೆಂಚಿಗೆ ಅವರ ಎಷ್ಟು ಹೆಜ್ಜೆ, ಯಾವ ಬೆಂಚಿಗೆ ಒರಗು ಇದೆ, ಎಲ್ಲಿ ನಡಿಗೆ ಬಿಟ್ಟು ಬಸ್ಸು ಹಿಡಿಯಬಹುದು ಎಂದು ಗುರುತು ಹಾಕಿಕೊಂಡೆ. ಒಂದೊಂದು ಸಲ ಅವರ ಮೇಲೆ ಸಿಟ್ಟೂ ಬರುತ್ತಿತ್ತು. ಬೆಂಚು ಕಂಡಲ್ಲೆಲ್ಲ ಕೂತು, ಪಕ್ಕದಲ್ಲಿ ಕೂತವರನ್ನು ತಮ್ಮ ಮುರುಕು ಇಂಗ್ಲಿಷಿನಲ್ಲಿ ಮಾತಾಡಿಸುತ್ತಿದ್ದರು. ನಾನು ಕಾಲಿನ ಭಾರವನ್ನು ಬಲಕ್ಕೂ ಎಡಕ್ಕೂ ಬದಲಿಸುತ್ತಾ ನಿಂತಿರುತ್ತಿದ್ದೆ.

ಎರಡನೆಯ ಕಾಗದದಲ್ಲಿ ನಿಮಿಷಗಳನ್ನು ಬಿಟ್ಟುಬಿಡೋಣ ಎಂದೆ. ಮ್ಯಾನೇಜರ್ ಒಪ್ಪಲಿಲ್ಲ. "ಜನ ಅದನ್ನೇ ಮೊದಲು ಕೇಳುತ್ತಾರೆ." ಕೊನೆಗೆ ಎರಡು ಸಮಯ ಹಾಕಿದೆವು, ಬೇಗ ನಡೆಯುವವರಿಗೆ ಒಂದು, ಕೂತು ಕೂತು ನಡೆಯುವವರಿಗೆ ಒಂದು. ಮನೆಯಲ್ಲಿ ನಕ್ಷೆಯನ್ನು ಹೊಸದಾಗಿ ಬರೆಯುವಾಗ ಗಂಡ, "ಇಷ್ಟ ಬೆಂಚ್ ಅವ ಏನ ಇಲ್ಲಿ?" ಎಂದು ಅಚ್ಚರಿಪಟ್ಟರು. ಅವರಿಗೂ ಈ ಊರಿನ ಪರಿಚಯ ನನ್ನಷ್ಟೇ ಇತ್ತು.

ಮರುವರ್ಷ ಬೇಸಿಗೆ ಮುಗಿಯುವ ಹೊತ್ತಿಗೆ ಕಾಕಾ ಹೇಳಿದರು, "ನನ್ನದೊಂದು ದಾರಿ ಇತ್ತ್, ಕಾಣ್ತ್ರ್ಯಾ? ಕಾಗದದಲ್ಲಿ ಬರಿಯೂಕಲ್ಲ, ಸುಮ್ನೆ." ಟೂಟಿಂಗ್ ದಾರಿ. ಅವರ ಮಂಡಿಯ ಆಪರೇಷನ್ನಿಗೆ ದಿನ ಗೊತ್ತಾಗಿತ್ತು, ಅದಕ್ಕೆ ಮೊದಲು ಒಮ್ಮೆ ನಡೆಯಬೇಕೆಂದಿದ್ದರು. ನೆಲದಡಿಯ ರೈಲಿನ ನಾರ್ದರ್ನ್ ಲೈನಿನ ಈ ತುದಿಯಲ್ಲಿ ಹತ್ತಿ ಕೂತು, ಊರಿನ ಅಡಿಯಲ್ಲೇ ದಾಟಿ, ಟೂಟಿಂಗ್ ಬ್ರಾಡ್‌ವೇಯಲ್ಲಿ ಇಳಿದೆವು. ಟ್ಯೂಬ್ ರೈಲಿನಲ್ಲಿ ಅವರು ನಿದ್ದೆ ಮಾಡಿದರು. ನಾನು ಪ್ರತಿ ಸ್ಟೇಷನ್ನಿನ ಹೆಸರು ಓದಿದೆ.

ಹೊರಗೆ ಬಂದ ಕೂಡಲೇ ಅವರ ನಡಿಗೆ ಬದಲಾದೀತು ಎಂದು ಎಣಿಸಿದ್ದೆ. ಬದಲಾಗಲಿಲ್ಲ, ಮಂಡಿ ಅದೇ ಮಂಡಿ. ಆದರೆ ತರಕಾರಿ ಅಂಗಡಿಯ ಒಬ್ಬಾತ ಒಳಗಿನಿಂದಲೇ ಕೈ ಎತ್ತಿದ. ಅವರು ದೋಸೆ ಹೊಯ್ಯುತ್ತಿದ್ದ ಹೋಟೆಲಿದ್ದ ಜಾಗದಲ್ಲಿ ಮೊಬೈಲ್ ಅಂಗಡಿ ಬಂದಿತ್ತು. ಅವರು ನಿಲ್ಲದೆ, "ಇದೇ" ಎಂದಷ್ಟೇ ಹೇಳಿ ಮುಂದೆ ಹೋದರು.

"ಮಧ್ಯಾಹ್ನದ ಊಟ ಮುಗ್ದ್ ಸಂಜೆ ಕಾವಲಿ ಹೊತ್ಸೂವರೆಗೆ ಎರಡೂವರೆ ಗಂಟೆ ಬಿಡುವು. ರೂಮಿಗೆ ಹೋಪೂಕೆ ದೂರ. ದಿನಾ ಇದೇ ದಾರಿ, ಮಳೆಯೋ ಬಿಸಿಲೋ." ಅಂಗಡಿ ಬೀದಿ ದಾಟಿ, ಒಂದೇ ಥರದ ಮನೆಗಳ ಸಾಲು ದಾಟಿ, ಟೂಟಿಂಗ್ ಬೆಕ್ ಕಾಮನ್ ಎಂಬ ಹುಲ್ಲುಬಯಲಿಗೆ ಬಂದೆವು. ಕೆರೆಯ ದಂಡೆಯ ಮೇಲೆ ಒಂದು ಬೆಂಚಿತ್ತು. ಅವರು ಕೂತು ಬೂಟಿನ ದಾರ ಸಡಿಲಿಸಿದರು. "ಇಲ್ಲಿ ಬೂಟು ಬಿಚ್ಚಿ ಮಲಗ್ತಿದ್ದೆ. ಒಂದು ಸಲ ಪೊಲೀಸು ಬಂದು ಎಬ್ಬಿಸಿದ. ಮೈಯೆಲ್ಲ ಎಣ್ಣೆ, ಈರುಳ್ಳಿ ವಾಸನೆ. ಎಲ್ಲಿ ಕೆಲ್ಸ ಅಂತ ಕೇಳಿದ, ಹೇಳಿದೆ. ಮುಂದಿನ ವಾರ ಹೆಂಡ್ತಿ ಮಕ್ಕಳನ್ನು ಕರ್ಕಂಡು ದೋಸೆ ತಿಂಬೂಕೆ ಬಂದಿದ್ದ."

ಅವರ ಪಕ್ಕ ಕೂತೆ. ಐದು ನಿಮಿಷಕ್ಕೆ ಎದ್ದೆ. ಮತ್ತೆ ಕೂತೆ, ಮತ್ತೆ ಎದ್ದೆ.

"ನೀವು ಕೆರೆಗೆ ಒಂದು ಸುತ್ತು ಹೋಯಿ ಬನ್ನಿ ಮಾರಾಯ್ರೆ" ಎಂದರು. "ನಾನು ಇಲ್ಲೇ ಇರ್ತೆ."

ಹೋದೆ. ನನ್ನ ವೇಗದಲ್ಲಿ, ಯಾರಿಗೂ ಕಾಯದೆ. ಸುತ್ತಿ ಬಂದಾಗ ಅವರು ಕೋಲಿನ ಮೇಲಿಟ್ಟ ಕೈಯನ್ನು ಸ್ವಲ್ಪ ಎತ್ತಿದರು, ಏಳಲಿಲ್ಲ. ಸಾಕು ಎನ್ನಲೂ ಇಲ್ಲ. ಎರಡನೇ ಸುತ್ತು ಹೋದೆ, ಮೂರನೆಯದೂ ಹೋದೆ. ಪ್ರತಿ ಸಲವೂ ಕೈ ಎತ್ತಿದರು. ಬೆವೆತು, ಏದುಸಿರು ಬಿಡುತ್ತಾ ನಾಲ್ಕನೇ ಸಲ ಬಂದಾಗ ಕಾಕಾ ಗದ್ದ ಎದೆಗೆ ತಾಗಿಸಿಕೊಂಡು ನಿದ್ದೆ ಹೋಗಿದ್ದರು. ಎಬ್ಬಿಸಲು ಮನಸ್ಸಾಗಲಿಲ್ಲ. ನಾಯಿ ಹಿಡಿದುಕೊಂಡು ಹೋಗುತ್ತಿದ್ದ ಹೆಂಗಸೊಬ್ಬಳು ನಮ್ಮಿಬ್ಬರನ್ನೂ ನೋಡಿ ನಕ್ಕಳು, ತಂದೆ ಮಗಳು ಎಂದುಕೊಂಡಿರಬೇಕು.

ಆಪರೇಷನ್ ಚೆನ್ನಾಗಿಯೇ ಆಯಿತು. ಆದರೆ ಅದರ ಮುಂದಿನ ವರ್ಷ ಮಗಳ ಕುಟುಂಬ ಲಂಡನ್ನಿನ ಹೊರಗೆ ಮಿಲ್ಟನ್ ಕೀನ್ಸಿಗೆ ಮನೆ ಬದಲಿಸಿತು, ಕಾಕಾ ಅವರ ಜೊತೆ ಹೋದರು. ನನ್ನ ಗುರುವಾರಗಳು ಖಾಲಿಯಾದವು, ಮತ್ತೆ ಒಬ್ಬಳೇ ಸ್ಟ್ಯಾನ್‌ಮೋರ್ ಕಡೆ ಹೆಜ್ಜೆ ಹಾಕತೊಡಗಿದೆ. ಕೆಲವು ತಿಂಗಳ ಮೇಲೆ ಆರೋಗ್ಯ ಕೇಂದ್ರಕ್ಕೇ ಫೋನು ಮಾಡಿದರು.

"ಇಲ್ಲಿ ರಸ್ತೆ ಎಲ್ಲ ಗೆರೆ ಎಳ್ದ ಹಾಂಗೆ ನೇರ ಮಾರಾಯ್ರೆ. ನಡಿಯೂಕೆ ಸುಲಭ. ನಡ್ದೇ ಮಾರ್ಕೆಟಿಗೆ ಹೋತೆ. ಆದ್ರೆ ಬೆಂಚಿಲ್ಲೆ."

"ಬೆಂಚ್ ಹಾಕಸ್ರಿ ಅಂತ ಅಲ್ಲಿನ ಕೌನ್ಸಿಲ್‌ಗೆ ಬರೀರಿ ಕಾಕಾ."

"ಬರಿಯೂಕೆ ನಂಗೆ ಬತ್ತಿಲ್ಲೆ. ನೀವು ಬಂದು ಬರ್ಕೊಡಿ."

ಎದುರಿಗೆ ಮೂರು ಜನ ಸಾಲಿನಲ್ಲಿ ನಿಂತಿದ್ದರು. ಶನಿವಾರ ಬರುತ್ತೇನೆಂದು ಹೇಳಿ ಫೋನಿಟ್ಟೆ, ಶನಿವಾರ ಯೂಸ್ಟನ್ನಿನಲ್ಲಿ ಮಿಲ್ಟನ್ ಕೀನ್ಸಿನ ರೈಲು ಹತ್ತಿದೆ.