ಮೂರನೆಯ ಬಟ್ಟಲಿನ ಪಚ್ಚಡಿ

ನಿಮ್ಮ ಟೊಮೆಟೊ ಪಚ್ಚಡಿ ಕಮಟಿರಲಿಲ್ಲ, ಓಬಕ್ಕ. ಎಣ್ಣೆ ಹಳಸಿ ಕಮಟಿದೆ ಎಂದು ನಾನು ಹೇಳಿದ್ದು ಸುಳ್ಳು. ಸುಳ್ಳು ಎನ್ನುವುದಕ್ಕಿಂತಲೂ — ಅದು ಕಮಟಿತ್ತೋ ಘಮಘಮಿಸುತ್ತಿತ್ತೋ ತಿಳಿಯುವ ಶಕ್ತಿಯೇ ಆಗ ನನ್ನಲ್ಲಿರಲಿಲ್ಲ. ನನ್ನ ಮೂಗು ಸತ್ತು ಐದು ತಿಂಗಳಾಗಿತ್ತು. ಈ ಮಾತನ್ನು ಇವತ್ತಿನವರೆಗೆ ಯಾರ ಹತ್ತಿರವೂ ಆಡಿಲ್ಲ, ಕಟ್ಟಿಕೊಂಡ ಗಂಡನ ಹತ್ತಿರವೂ.

ಅವತ್ತು ಅಂಗಡಿಯಲ್ಲಿ ನಿಮ್ಮನ್ನು ನೀನು ಎಂದೇ ಕರೆದೆ, ನನಗಿಂತ ಹತ್ತು ವರ್ಷ ದೊಡ್ಡವರನ್ನು. ಸೌಕಾರರ ಮನೆಯ ಸೊಸೆ ಮೊಳಕಾಲ್ಮೂರು ಕಡೆಯ ಹಳ್ಳಿಯ ಹೆಂಗಸನ್ನು ಹಾಗೆ ಕರೆಯಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ, ಬಾಯಿಗೆ ತಾನಾಗಿ ಬಂದಿತ್ತು. ಈ ಕಾಗದದಲ್ಲಾದರೂ ನೀವು ಎನ್ನುತ್ತೇನೆ.

ಚಳ್ಳಕೆರೆಯ ನಮ್ಮ ಕಿರಾಣಿ ಅಂಗಡಿ ನಿಮಗೆ ಗೊತ್ತು. ನನ್ನ ನಾಲಿಗೆಯ ಕಥೆ ಗೊತ್ತಿಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ ಮಾವನವರು ಎರಡು ಡಬ್ಬಿ ಶೇಂಗಾ ಎಣ್ಣೆ ತರಿಸಿದ್ದರು. ಮುಚ್ಚಳ ತೆಗೆದ ಕೂಡಲೇ ಒಂದರಲ್ಲಿ ಹಳೆ ಎಣ್ಣೆ ಬೆರೆಸಿದ್ದಾರೆ ಎಂದೆ. ವಿಚಾರಿಸಿದರೆ ನಿಜವಾಗಿತ್ತು. ಅವತ್ತಿನಿಂದ ಅಂಗಡಿಗೆ ಹೊಸ ಸರಕು ಬಂದರೆ ಮೊದಲು ನನ್ನ ಬಾಯಿಗೆ ಬರಬೇಕು. "ನಮ್ ಸೊಸೆ ಗಿರಿಜಾಳ ನಾಲಿಗೆ ಅಂದ್ರೆ ತಕ್ಕಡಿ ಇದ್ದಂಗೆ ಕಣ್ರಿ" ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ತಂಬಾಕು ಹಾಕಿ ಹಾಕಿ ಅವರ ಸ್ವಂತ ಬಾಯಿಗೆ ರುಚಿ ತಿಳಿಯುತ್ತಿರಲಿಲ್ಲ. ನನಗೋ — ಓದು ಅಷ್ಟಕ್ಕಷ್ಟೆ, ತವರಿನಿಂದ ಹೊತ್ತು ತಂದದ್ದೂ ಅಷ್ಟಕ್ಕಷ್ಟೆ. ಆ ಮನೆಯಲ್ಲಿ ನನ್ನ ತಲೆ ಎತ್ತಿಸಿದ್ದು ಆ ಒಂದು ಹೊಗಳಿಕೆ.

ಹತ್ತು ಹನ್ನೆರಡು ವರ್ಷ ಆದ ಮೇಲೆ ಒಂದು ಚಳಿಗಾಲ ಜ್ವರ ಬಂತು, ಜೊತೆಗೆ ನೆಗಡಿ. ಜ್ವರ ಹೋಯಿತು, ನೆಗಡಿಯೂ ಹೋಯಿತು, ವಾಸನೆ ಮಾತ್ರ ಮರಳಿ ಬರಲಿಲ್ಲ. ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದು ಕಾದೆ. ಉಪ್ಪು, ಹುಳಿ, ಖಾರ, ಕಹಿ, ಸಿಹಿ ನಾಲಿಗೆಗೆ ತಗಲುತ್ತಿದ್ದವು, ಅಷ್ಟೆ. ಬೆಳ್ಳುಳ್ಳಿ ಇಲ್ಲ, ಇಂಗು ಇಲ್ಲ, ಕೊತ್ತಂಬರಿ ಇಲ್ಲ. ಒಗ್ಗರಣೆ ಸೀದದ್ದು ಹೊಗೆ ಕಂಡ ಮೇಲೆ ಗೊತ್ತಾಗುತ್ತಿತ್ತು. ಗಂಡ ಮೊದಲ ತುತ್ತು ಬಾಯಿಗಿಡುವಾಗ ಅವರ ಮುಖ ನೋಡುತ್ತ ನಿಲ್ಲುತ್ತಿದ್ದೆ, ಮುಖ ಸುಮ್ಮನಿದ್ದರೆ ಉಸಿರು ಬಿಡುತ್ತಿದ್ದೆ. ಹೇಳಿಬಿಡಬಹುದಿತ್ತು. ಡಾಕ್ಟರ ಹತ್ತಿರ ಹೋಗಬಹುದಿತ್ತು. ಆದರೆ ಮಾವನವರಿಗೆ ಗೊತ್ತಾದರೆ, ತಕ್ಕಡಿ ಕೆಟ್ಟಿತು ಎಂದು ಗೊತ್ತಾದರೆ —

ಅಷ್ಟರಲ್ಲಿ ನೀವು ಬಂದಿರಿ.

ಬಾಟಲಿ ಚಟ್ನಿಗಳು ನಮ್ಮ ಅಂಗಡಿಗೆ ಆಗಷ್ಟೇ ಕಾಲಿಡುತ್ತಿದ್ದ ಕಾಲ ಅದು. ಸಂಬಳದ ಕೆಲಸದವರು, ಬೆಳಿಗ್ಗೆ ಡಬ್ಬಿ ಕಟ್ಟುವವರು ಕೇಳಿಕೊಂಡು ಬರುತ್ತಿದ್ದರು. ಟೊಮೆಟೊ ಚಟ್ನಿ ಒಂದೇ ಜಾತಿಯದು ಇಡೋಣ, ರುಚಿ ನೋಡಿ ಇಡೋಣ ಎಂದು ಮಾವನವರು ತೀರ್ಮಾನಿಸಿದರು. ಒಂದು ಬಾಟಲಿ ಆಂಧ್ರದ ಕಡೆಯದು, ಒಂದು ದಾವಣಗೆರೆಯದು, ಎರಡನ್ನೂ ಅಚ್ಚು ಹಾಕಿದ ಚೀಟಿ ಅಂಟಿಸಿ ಏಜೆಂಟ್ ತಂದಿದ್ದ. ಮೂರನೆಯದು ನಿಮ್ಮದು, ನೀವು ಪಚ್ಚಡಿ ಎನ್ನುತ್ತಿದ್ದ ಎಣ್ಣೆ ಚಟ್ನಿ. ಚೀಟಿಯಿಲ್ಲದ, ತೊಳೆದು ಒಣಗಿಸಿದ ಹಳೆಯ ಗಾಜಿನ ಬಾಟಲಿ, ಬಾಯಿಗೆ ಬಿಳಿ ಬಟ್ಟೆ ಕಟ್ಟಿದ್ದಿರಿ. ಉಪ್ಪು ಸವರಿದ ಟೊಮೆಟೊವನ್ನು ಬಂಡೆಯ ಮೇಲೆ ಹರಡಿ, ಕುರಿ ಬಾರದಂತೆ ಮೂರು ದಿನ ಕಾದು ಕೂತು ಒಣಗಿಸಿದ್ದನ್ನು ಹೇಳಿದಿರಿ. "ಸೌಕಾರ್ರು ತಗಂಡ್ರೆ ನಾನೂ ನನ್ ಸೊಸೆನೂ ಕೂಲಿಗೆ ಹೋಗೋದು ಬಿಡ್ತೀವಮ್ಮ" ಎಂದಿರಿ. ಹಾಗೆಂದದ್ದು ನನ್ನ ಹತ್ತಿರ, ಮಾವನವರ ಹತ್ತಿರವಲ್ಲ. ಮಾತು ನನ್ನ ಕೈಯಲ್ಲಿದೆ ಎಂದು ಅಂಗಡಿಯಲ್ಲಿ ಯಾರೋ ನಿಮಗೆ ಹೇಳಿದ್ದರು.

ಬೆಳಗಿನ ಪೂಜೆ ಮುಗಿದಿತ್ತು. ಮಾವನವರು ಬಾಟಲಿಗಳನ್ನು ಮರೆಯಲ್ಲಿಟ್ಟು ಮೂರು ಬಟ್ಟಲಿಗೆ ಒಂದೊಂದು ಚಮಚ ಹಾಕಿ ತಂದರು. ಪಕ್ಕದಲ್ಲಿ ಬಿಸಿ ಅನ್ನ, ನಡುನಡುವೆ ಬಾಯಿ ತೊಳೆಯಲು ನೀರುಮಜ್ಜಿಗೆ. ಏಜೆಂಟ್ ಸ್ಟೂಲಿನ ಮೇಲೆ, ನೀವು ಹೊಸ್ತಿಲ ಹತ್ತಿರ ನೆಲದ ಮೇಲೆ. ಮೊದಲನೆಯದು ಹುಳಿ, ಖಾರ, ಉಪ್ಪು. ಎರಡನೆಯದು ಹುಳಿ, ಖಾರ, ಉಪ್ಪು. ಮೂರನೆಯದೂ ಅದೇ, ಕೊನೆಯಲ್ಲಿ ಒಂದು ಚೂರು ಕಹಿ. ಅದು ಮೆಂತ್ಯದ ಕಹಿ ಎಂದು ಯಾವ ಹೆಂಗಸಿಗಾದರೂ ಹೊಳೆಯಬೇಕು. ನನಗೂ ಹೊಳೆದಿತ್ತು.

"ಹೇಳಮ್ಮ, ಯಾವ್ದರಾಗೆ ಏನೈತೆ?" ಎಂದರು ಮಾವನವರು.

ಸುಮ್ಮನೆ ಒಂದು ಚೆನ್ನಾಗಿದೆ ಎಂದರೆ ಸಾಲದು, ಅವರಿಗೆ ಕಾರಣ ಬೇಕು. ಯಾವುದರಲ್ಲಿ ಏನು ಹೆಚ್ಚು, ಏನು ಕಡಿಮೆ, ಎಣ್ಣೆ ಯಾವುದು — ಹಿಂದೆಲ್ಲ ಪಟಪಟನೆ ಹೇಳುತ್ತಿದ್ದೆ. ಅವತ್ತು ಇನ್ನೊಂದು ಗುಟುಕು ಮಜ್ಜಿಗೆ ಕುಡಿದೆ. ಏಜೆಂಟನ ಬಾಟಲಿಯಲ್ಲಿ ತಪ್ಪು ಹಿಡಿದರೆ ಅವನು ಬಿಡುವವನಲ್ಲ, ಇನ್ನೊಬ್ಬರ ಬಾಯಲ್ಲಿ ನೋಡಿಸಿ ಎಂದಾನು. ಇನ್ನೊಬ್ಬರು ನೋಡಿದರೆ ನನ್ನ ಗುಟ್ಟು ಬಯಲಾಗುತ್ತದೆ. ಆಗ ನಿಮ್ಮ ಕಣ್ಣು ನೋಡಿದೆ, ಓಬಕ್ಕ. ಅದು ಮೂರನೆಯ ಬಟ್ಟಲನ್ನು ಬಿಟ್ಟು ಅಲುಗುತ್ತಿರಲಿಲ್ಲ. ಅದು ನಿಮ್ಮದು ಎಂದು ಗೊತ್ತಾಯಿತು. ನೀವು ವಾದ ಮಾಡುವವರಲ್ಲ ಎಂಬುದೂ ಗೊತ್ತಿತ್ತು.

"ಮೂರನೇದು ಕಮಟು ಮಾವ. ಎಣ್ಣೆ ಹಳೇದು."

ಏಜೆಂಟ್ ಬೆನ್ನು ನೆಟ್ಟಗೆ ಮಾಡಿಕೊಂಡ. ನೀವು ಎದ್ದು ನಿಂತಿರಿ. "ಇಲ್ಲಮ್ಮ, ಮೊನ್ನೆ ಗಾಣದಾಗೆ ಆಡಿಸಿದ್ದು ಎಣ್ಣೆ. ಇನ್ನೊಂದ್ ಸಲ ನೋಡ್ರಿ ತಾಯಿ" ಎಂದಿರಿ, ಎರಡೂ ಕೈ ಜೋಡಿಸಿ.

ಇನ್ನೊಂದು ಸಲ ನೋಡಿದೆ. ಮೊದಲನೆಯ ಸಲ ಹೆದರಿಕೆಯಲ್ಲಿ ಬಾಯಿ ಜಾರಿತು ಎನ್ನಬಹುದೇನೋ. ಎರಡನೆಯ ಸಲ ಹೆದರಿಕೆಯಿದ್ದರೂ ಯೋಚಿಸಲು ಸಮಯವಿತ್ತು. ಒಂದು ತುತ್ತು ಅಗಿದು ನುಂಗುವಷ್ಟು ಸಮಯ ಬೇಕಾದಷ್ಟಾಯಿತು. ಕಣ್ಣು ಮುಚ್ಚಿ, ಗಮನವಿಟ್ಟು ನೋಡುವವಳಂತೆ ನಟಿಸಿ ನುಂಗಿದೆ. "ಕಮಟೇ" ಎಂದೆ. "ನೀನು ಬೇಕಂತಲೇ ಹಳೇ ಎಣ್ಣೆ ಹಾಕಿ ಮಾಡಿರ್ತೀಯ" ಎಂದೂ ಸೇರಿಸಿದೆ. ಅದನ್ನು ಯಾಕೆ ಸೇರಿಸಿದೆನೋ ನನಗೆ ಇವತ್ತಿಗೂ ತಿಳಿದಿಲ್ಲ.

"ನಾನು ನೋಡ್ದಾಗ ಚೆನ್ನಾಗಿತ್ತಮ್ಮ" ಎಂದಿರಿ, ಮೆಲ್ಲಗೆ, ನಿಮಗೆ ನೀವೇ ಹೇಳಿಕೊಂಡಂತೆ. ಬಾಟಲಿ ಅಲ್ಲೇ ಬಿಟ್ಟು ಬಸ್ಸಿಗೆ ಹೋದಿರಿ.

ಎಣ್ಣೆ ಮಿಲ್ಲುಗಳ ಊರು ಇದು. ಇಲ್ಲಿ ಖಾರ ಜಾಸ್ತಿ ಎಂದರೆ ಸರಿಮಾಡಿಕೊಂಡು ಬರಬಹುದು, ಉಪ್ಪು ಕಡಿಮೆ ಎಂದರೂ ಬರಬಹುದು. ಒಮ್ಮೆ ಕಮಟು ಎನ್ನಿಸಿಕೊಂಡವರ ಡಬ್ಬಿಯನ್ನು ಯಾರೂ ಮತ್ತೆ ಮುಟ್ಟುವುದಿಲ್ಲ. ಮಾವನವರು ಕೆಟ್ಟವರಲ್ಲ. ಬೇರೆ ಅಂಗಡಿಯವರು ಕೇಳಿದಾಗ ಇದ್ದದ್ದನ್ನು ಹೇಳಿದರು — ನಮ್ಮ ಸೊಸೆ ಕಮಟು ಎಂದಳು ಎಂದು. ನೀವು ಇನ್ನೂ ಮೂರು ಅಂಗಡಿ ತಿರುಗಿದಿರಂತೆ. ಅಲ್ಲೆಲ್ಲ ನನ್ನ ಮಾತು ನಿಮಗಿಂತ ಮೊದಲೇ ಹೋಗಿ ಕೂತಿತ್ತು.

ಬಾಟಲಿಯನ್ನು ಚೆಲ್ಲೋಣವೆಂದು ಮನೆಗೆ ತಂದಿಟ್ಟಿದ್ದೆ. ಮಧ್ಯಾಹ್ನ ಗಂಡ ಊಟಕ್ಕೆ ಕೂತವರು ತಾವೇ ತೆಗೆದು ಮುದ್ದೆಯ ಪಕ್ಕ ಹಾಕಿಕೊಂಡರು. ನಾನು ಉಸಿರು ಹಿಡಿದು ನಿಂತಿದ್ದೆ.

"ಇದು ಎಲ್ಲೀದು? ಭಾಳ ಚೆನ್ನಾಗೈತೆ. ಇನ್ನಷ್ಟು ಹಾಕು."

"ಪಕ್ಕದ ಮನೇರು ಕೊಟ್ರು" ಎಂದೆ. ಅವರು ಎರಡು ಸಲ ಹಾಕಿಸಿಕೊಂಡು ತಿಂದು, ಬೆರಳು ನೆಕ್ಕಿ ಎದ್ದರು. ನೀವು ಅಷ್ಟರಲ್ಲಿ ಮನೆ ಮುಟ್ಟಿರಲಿಕ್ಕೂ ಇಲ್ಲ. ಅಂಗಡಿಗೆ ಓಡಿ ಹೋಗಿ ಮಾವನವರಿಗೆ ಒಂದು ಮಾತು ಹೇಳಿದ್ದರೆ — ಹೇಳಲಿಲ್ಲ. ಉಳಿದ ಪಚ್ಚಡಿಯನ್ನು ಬಚ್ಚಲಿಗೆ ಸುರಿದೆ. ಕೆಂಪೆಣ್ಣೆ ಕಲ್ಲಿಗೆ ಹತ್ತಿಕೊಂಡಿತು. ಯಾರಾದರೂ ನೋಡಿಯಾರು ಎಂದು ಬೂದಿ ಹಾಕಿ ಮೂರು ಸಲ ತಿಕ್ಕಿದೆ.

ಆಮೇಲೆ ಎಂಟೊಂಬತ್ತು ವರ್ಷ ನಿಮ್ಮನ್ನು ನೋಡಲಿಲ್ಲ. ಮಾವನವರು ತೀರಿಕೊಂಡರು, ನನ್ನನ್ನು ತಕ್ಕಡಿ ಎನ್ನುವವರು ಯಾರೂ ಉಳಿಯಲಿಲ್ಲ. ಹೋದ ವರ್ಷ ಮಗಳ ಲಗ್ನಪತ್ರಿಕೆ ಕೊಡಲು ನಮ್ಮವರೊಬ್ಬರ ಮಿಲ್ಲಿಗೆ ಹೋದಾಗ, ಶೆಡ್ಡಿನಲ್ಲಿ ಶೇಂಗಾ ಆರಿಸುವ ಹೆಂಗಸರ ನಡುವೆ ನೀವಿದ್ದಿರಿ. ನೀವೇ ಗುರುತು ಹಿಡಿದು, ಸೆರಗು ಕೊಡವಿ ಎದ್ದು ಬಂದಿರಿ. ಏನು ಕೇಳಬೇಕೋ ತಿಳಿಯದೆ "ಪಚ್ಚಡಿ ಮಾಡಲ್ವಾ ಓಬಮ್ಮ?" ಎಂದುಬಿಟ್ಟೆ.

"ಎಲ್ಲೀದಮ್ಮ" ಎಂದಿರಿ. "ಅವತ್ತು ನನ್ ಬಾಯಿಗೆ ಏನೂ ಕಮಟು ಅನ್ನಿಸಿರ್ಲಿಲ್ಲ ನೋಡ್ರಿ. ನನ್ ಬಾಯೇ ಕೆಟ್ಟೋಗೈತೆ ಅಂತ ಆವಾಗ ತಿಳೀತು. ಈಗ ಮನೇಲಿ ಸಾರಿಗೂ ಉಪ್ಪು ನಾನು ನೋಡಲ್ಲ, ಸೊಸೆಗೇ ನೋಡೇ ಅಂತೀನಿ." ಹೇಳಿ ನಕ್ಕಿರಿ. ನಾನೂ ನಕ್ಕೆ. ಅದನ್ನೂ ಇಲ್ಲಿ ಬರೆಯಲೇಬೇಕು.

ಕೂಲಿಗೆ ಹೋಗುವುದು ತಪ್ಪಲಿಲ್ಲ ಎಂಬುದಷ್ಟೇ ನಿಮಗಾದ ನಷ್ಟ ಎಂದು ಅಲ್ಲಿಯತನಕ ತಿಳಿದುಕೊಂಡಿದ್ದೆ. ನಿಮ್ಮ ನಾಲಿಗೆಯ ಮೇಲೆ ನಿಮಗಿದ್ದ ನಂಬಿಕೆಯನ್ನೇ ಕಿತ್ತುಕೊಂಡಿದ್ದೆ ಎಂದು ಆ ಶೆಡ್ಡಿನಲ್ಲಿ ತಿಳಿಯಿತು. ಅವತ್ತಿನಿಂದ ನನಗೆ ನೆಮ್ಮದಿಯ ಊಟವಿಲ್ಲ.

ಈ ಕಾಗದವನ್ನು ನಾಲ್ಕು ಸಲ ಬರೆದು ಹರಿದಿದ್ದೇನೆ. ಐದನೆಯ ಸಲ ಸಲೀಸಾಗಿ ಯಾಕೆ ಬಂತೆಂದು ಈಗ ಗೊತ್ತಾಗುತ್ತಿದೆ. ನಿಮಗೆ ಓದು ಬರುವುದಿಲ್ಲ. ಓದು ಬಾರದವರಿಗೆ ಬರೆದು ಪೆಟ್ಟಿಗೆಯಲ್ಲಿಟ್ಟರೆ ಅದೂ ಮುಚ್ಚಿಟ್ಟಂತೆಯೇ. ಅದಕ್ಕೆ ಗಂಡನಿಗೆ ಈ ಮಧ್ಯಾಹ್ನ ಊಟಕ್ಕೆ ಕೂತಾಗ ಹೇಳುತ್ತೇನೆ. ನಾಳೆ ಬೆಳಿಗ್ಗೆ ಮೊಳಕಾಲ್ಮೂರಿನ ಬಸ್ಸು ಹತ್ತುತ್ತೇನೆ. ನೀವು ಬಾಗಿಲು ಹಾಕಿಕೊಂಡರೆ ಹೊರಗೆ ನಿಂತಾದರೂ, ನಿಮ್ಮ ಸೊಸೆಗೂ ಕೇಳುವ ಹಾಗೆ, ಇದನ್ನು ಗಟ್ಟಿಯಾಗಿ ಓದುತ್ತೇನೆ. ಕ್ಷಮಿಸಿ ಎಂದು ಕೇಳುವುದಿಲ್ಲ. ಇಷ್ಟು ಮಾತು ನಿಮ್ಮ ಕಿವಿಗೆ ಬೀಳಬೇಕು.

ನಿಮ್ಮ ಬಾಯಿ ಯಾವತ್ತೂ ಕೆಟ್ಟಿರಲಿಲ್ಲ, ಓಬಕ್ಕ. ಕೆಟ್ಟಿದ್ದು ನನ್ನದು.