ಎಡರೆಕ್ಕೆ

ರಹಮತ್, ಆ ಹಕ್ಕಿಯ ಚಿತ್ರದಲ್ಲಿ ಎಡರೆಕ್ಕೆಯನ್ನು ನಾನು ಗಮನವಿಲ್ಲದೆ ತಪ್ಪಾಗಿ ಬರೆದದ್ದಲ್ಲ. ಬೇಕೆಂದೇ ಸುಳ್ಳು ಬರೆದೆ — ಇಷ್ಟು ವರ್ಷ ನಿನ್ನಿಂದ ಮುಚ್ಚಿಟ್ಟೆ.

ಆಗ ನಾನು ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆಗೆ ಗ್ರಾಫ್ ಹಾಳೆಯ ಮೇಲೆ ಹಂಸ, ನವಿಲು ಬರೆಯುತ್ತಿದ್ದವನು. ನಿನ್ನದು ಚಳ್ಳಕೆರೆಯಲ್ಲಿ ಮೋಟಾರು ರಿಪೇರಿ. ಮನೆಯಲ್ಲಿ ನಿನಗೆ ಉರ್ದು, ನನಗೆ ತೆಲುಗು. ಜಗಳವಾಡಲು ಇಬ್ಬರಿಗೂ ಕನ್ನಡ. ಎಂಥಾ ದಿನಗಳವು... ನನ್ನಿವಾಳ ಊರಿನಾಚೆ ಒಬ್ಬ ದೊಡ್ಡ ಮನುಷ್ಯರ ತೋಟಕ್ಕೆ ಮೋಟಾರು ಕೆಲಸಕ್ಕೆ ನೀನು ಹೋಗುವಾಗ ನನ್ನನ್ನೂ ಗಾಡಿಯ ಹಿಂದೆ ಕೂರಿಸಿಕೊಂಡು ಹೋದೆ. ಅಲ್ಲಿತ್ತು ಕೊಕ್ಕರೆಯಂಥ ಆಫ್ರಿಕಾದ ಕ್ರೇನ್ ಹಕ್ಕಿ, ತಲೆಯ ಮೇಲೆ ಜರಿ ಕುಚ್ಚು ಕಟ್ಟಿದ ಹಾಗೆ. ಅದು ರೆಕ್ಕೆ ಬಿಚ್ಚಿತು. ಬಲರೆಕ್ಕೆ ಪೂರ್ತಿ ಇತ್ತು. ಎಡರೆಕ್ಕೆಯ ತುದಿಯನ್ನು, ಹಾರಿಹೋಗದಿರಲೆಂದು, ಕೀಲಿನವರೆಗೂ ಕತ್ತರಿಸಿದ್ದರು.

"ಹೆಂಗೈತೋ ಹಂಗೇ ಬರಿ ಲೇ. ನೋಡ್ದೋರು ಯಾರಾದ್ರೂ ಕೇಳ್ತಾರೆ," ಎಂದು ನೀನು ಹೇಳಿದೆ. ಊರಿನ ಕಲಾ ಪ್ರದರ್ಶನದಲ್ಲಿ ಚಿತ್ರ ತೂಗುಹಾಕಿದರೆ ಅರಣ್ಯ ಇಲಾಖೆಯವರ ಕಿವಿಗೆ ಬಿದ್ದು, ಹಕ್ಕಿ ಆ ಬೇಲಿಯಿಂದ ಹೊರಬರುತ್ತದೆ ಎಂದು ನೀನು ನಂಬಿದ್ದೆ.

ಹಂಗೇ ಬರೆದಿದ್ದೆ ಕಣೋ. ಪ್ರದರ್ಶನ ಉದ್ಘಾಟಿಸುವವರು ಆ ತೋಟದ ಯಜಮಾನರೇ ಎಂದು ಗೊತ್ತಾದ ದಿನ ಎಡರೆಕ್ಕೆಯ ಮೇಲೆ ಬಣ್ಣ ಬಳಿದೆ. ಬಲರೆಕ್ಕೆಯನ್ನು ತೆಳುಹಾಳೆಗೆ ಇಳಿಸಿ, ಮಗುಚಿ, ಎಡಕ್ಕೆ ಒತ್ತಿದೆ — ಸೀರೆಯ ಹಂಸಕ್ಕೆ ಮಾಡುವಂತೆ. ಅವರು ನನ್ನ ಹೆಗಲು ತಟ್ಟಿದರು. ಭಯವಿತ್ತು ಅನ್ನಬಹುದು... ಇಲ್ಲ, ಹೊಗಳಿಕೆಯ ಆಸೆಯೇ ಹೆಚ್ಚಿತ್ತು.

ನೀನು ಚಿತ್ರದ ಮುಂದೆ ಬಹಳ ಹೊತ್ತು ನಿಂತೆ. "ಇದು ಹಾರ್ತೈತೆ ಲೇ. ಅದು ಹಾರಲ್ಲ."

ಅರ್ಧ ಬರೆದು ಮಗುಚುವುದು ನಮ್ಮ ಕೈಗೆ ಬಂದ ರೂಢಿ, ಗೊತ್ತಾಗಲಿಲ್ಲ ಎಂದು ನಾನು ಹೇಳಿದೆ. ನೀನು ನಂಬಿದೆ. ನಕ್ಕು ಬಿಟ್ಟುಬಿಟ್ಟೆ. ಮುಂದಿನ ಬೇಸಿಗೆಯಲ್ಲಿ ಹಕ್ಕಿ ಸತ್ತ ಸುದ್ದಿಯನ್ನು ನೀನೇ ತಂದೆ, ಗ್ರೀಸಿನ ಕೈಯಲ್ಲೇ ಕಣ್ಣೊರೆಸಿಕೊಳ್ಳುತ್ತ. ಆಗಲೂ ನಾನು ಬಾಯಿ ಬಿಡಲಿಲ್ಲ.

ಈಗ ಆಫ್ರಿಕಾದ ಕ್ರೇನ್‌ಗಳ ಚಿತ್ರಗಳನ್ನೇ ಬರೆಯುತ್ತಿದ್ದೇನೆ. ಬತ್ತಿಸಿ ಹೊಲ ಮಾಡಿದ ಜೌಗು ನೆಲ, ಮಾರಾಟಕ್ಕೆ ಮರಿ ಹಿಡಿಯುವವರು, ವಿಷದ ಕಾಳು, ಕರೆಂಟು ತಂತಿ — ಅವುಗಳ ಜೀವಕ್ಕೆ ಕುತ್ತಾದುದನ್ನೆಲ್ಲ ಬರೆದೆ. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಬೇರೆಯವರ ಎಲೆಯ ನೊಣ ತೋರಿಸುವವನು ನಾನೇ. ನಾಚಿಕೆಯಾಗುತ್ತದೆ.

ನಿನ್ನೆ ಆ ಹಕ್ಕಿಯನ್ನು ಮತ್ತೆ ಬರೆದೆ, ಎಡರೆಕ್ಕೆಯಿಂದ ಶುರುಮಾಡಿ. ಶನಿವಾರ ನಿನ್ನ ಅಂಗಡಿಗೆ ತರುತ್ತೇನೆ. ಮೊದಲು ಈ ಕಾಗದ ಓದು, ಆಮೇಲೆ ಚಿತ್ರ ನೋಡು. ಬಾಯಿಗೆ ಬಂದಂತೆ ಬೈ, ಕನ್ನಡದಲ್ಲೇ ಬೈ — ಈ ಸಲ ಮಾತ್ರ ನಕ್ಕು ಬಿಟ್ಟುಬಿಡಬೇಡ.