ಭಟ್ಟಿಯ ಗೋಡೆಗೆ ಒರಗಿದ ರೊಟ್ಟಿಗಳು

ಕೊಟ್ಟೂರಿನ ನಮ್ಮ ಓಣಿಯಲ್ಲಿ ಮಂಡಕ್ಕಿ ಭಟ್ಟಿಯ ಹೊಗೆ ಇನ್ನೂ ಏಳುತ್ತಿದ್ದ ಕಾಲವದು. ಬೆಳಗಾದರೆ ಹುರಿದ ಮಂಡಕ್ಕಿಯ ವಾಸನೆ, ಅದರ ಹಿಂದೆಯೇ ನಮ್ಮಜ್ಜಿಯ ಬೈಗುಳ. ಭಟ್ಟಿ ಪಕ್ಕದ ಮನೆಯ ಮಾಬುಬಿಯದು. ಅದರ ಮಸಿ ಬಂದು ಕೂರುತ್ತಿದ್ದುದು ನಮ್ಮ ಮಾಳಿಗೆಯ ಮೇಲೆ ಅಜ್ಜಿ ಒಣಹಾಕಿದ ಸಂಡಿಗೆಯ ಮೇಲೆ. ಅಜ್ಜಿ ಮೇಲಿನಿಂದ ಹೊಗೆಯನ್ನು ಬೈಯುವಳು, ಮಾಬುಬಿ ಕೆಳಗಿನಿಂದ ಗಾಳಿಯನ್ನು ಬೈಯುವಳು. ಇಬ್ಬರೂ ನೇರವಾಗಿ ಮಾತಾಡಿ ವರ್ಷಗಳೇ ಆಗಿದ್ದವು. ನಾವು ಮಕ್ಕಳು ಮಾತ್ರ ಎರಡೂ ಮನೆಗಳಲ್ಲಿ ತಿಂದುಂಡು ಬೆಳೆದೆವು.

ಆ ವರ್ಷ ದೀಪಾವಳಿ ಕಳೆದ ಮೇಲೆ ಆಂಧ್ರದ ಕಡಲ ದಂಡೆಗೆ ಚಂಡಮಾರುತ ಬಡಿಯಿತು. ಅಜ್ಜಿಯ ಕಿರಿಮಗ, ನಮ್ಮ ಕಾಕಾ, ಮೆಕ್ಕೆಜೋಳದ ಲಾರಿ ತೆಗೆದುಕೊಂಡು ಅಲ್ಲಿಗೇ ಹೋಗಿದ್ದ. ಅವನ ಫೋನು ಸತ್ತುಹೋಯಿತು. ಅಜ್ಜಿ ಊಟ ಬಿಟ್ಟಳು. ಕೊನೆಗೊಂದು ಮಧ್ಯಾಹ್ನ ಕಾಕಾ ಗಡ್ಡ ಬಿಟ್ಟುಕೊಂಡು, ಮುಂದಿನ ಗಾಜು ಒಡೆದ ಲಾರಿಯೊಂದಿಗೆ ಬಂದಿಳಿದ. ಗಾಳಿಯಲ್ಲಿ ಸಿಕ್ಕಿಬಿದ್ದಿದ್ದ ಅವನನ್ನು ಅಪ್ಪಲಮ್ಮ ಎಂಬ ಮೀನುಗಾರರ ಹೆಂಗಸು ಶಾಲೆಯೊಂದಕ್ಕೆ ಎಳೆದೊಯ್ದು, ತನ್ನ ಮಕ್ಕಳ ಪಾಲಿನ ಗಂಜಿಯಲ್ಲೇ ಅವನಿಗೂ ಬಡಿಸಿದ್ದಳಂತೆ. ಈಗ ಅವಳ ಮನೆಗೆ ಸೂರಿಲ್ಲ, ಇದ್ದ ಅಕ್ಕಿಗೆಲ್ಲ ಉಪ್ಪುನೀರು ನುಗ್ಗಿದೆ.

"ಯಾರ ಮಗ ಅಂತಾನೂ ಕೇಳ್ಲಿಲ್ಲವ್ವಾ ಆಕಿ," ಎಂದ ಕಾಕಾ.

ಅಜ್ಜಿ ಕಣ್ಣೊರೆಸಿಕೊಂಡು ಎದ್ದವಳೇ ಜೋಳದ ಹಿಟ್ಟಿನ ಡಬ್ಬಿ ತೆಗೆದಳು. "ನನ್ನ ಮಗನ ಹೊಟ್ಟಿ ನೋಡಿದಾಕಿ ಅಲ್ಲಿ ಹಸಕೊಂಡು ಕುಂತಾಳ. ನೀ ಲಾರಿ ತಿರುಗಿಸು," ಎಂದಳು.

ಇಡೀ ಓಣಿ ರೊಟ್ಟಿ ಬಡಿಯಿತು. ಮನೆ ಮನೆಯಿಂದ ಪಟಪಟ ಸದ್ದು, ಹುರಿದ ಶೇಂಗಾದ ಘಮ. ದೂರದ ದಾರಿಗೆ ಒಣಗಿಸಿದ ಕಡಕ್ ರೊಟ್ಟಿಯೇ ಸರಿ ಎಂದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಆದರೆ ಅಜ್ಜಿಯ ಲೆಕ್ಕದಲ್ಲಿ ಕಡಕ್ ರೊಟ್ಟಿ ಮನೆಯವರಿಗೆ, ಬೀಗರಿಗೆ ಬಿಸಿ ಮೆತ್ತನೆಯದೇ ಆಗಬೇಕು. ಮಗನಿಗೆ ಗಂಜಿ ಹಾಕಿದವಳಿಗೆ ಒಣಕಲು ಕಳಿಸುವುದೇ? ನಮ್ಮವ್ವ ಎಷ್ಟು ಹೇಳಿದರೂ ಕೇಳದೆ, ಹಂಚಿನಿಂದ ಇಳಿದದ್ದನ್ನು ಇಳಿದ ಹಾಗೆ ಅರಿವೆಯಲ್ಲಿ ಸುತ್ತಿ ಬುಟ್ಟಿಗಳಿಗೆ ತುಂಬಿಸಿದಳು. ಲಾರಿಗೆ ಗಾಜು ಕೂರಿಸುವುದು ತಡವಾಯಿತು. ಹೊರಡುವ ಮುನ್ನ ಬುಟ್ಟಿ ಬಿಚ್ಚಿದರೆ ರೊಟ್ಟಿಗಳೆಲ್ಲ ಬೆವತು, ಹುಳಿ ವಾಸನೆ ಹೊಡೆದು, ಅಂಚಿಗೆ ಬೂಷ್ಟು ಹಿಡಿದಿತ್ತು. ಅಜ್ಜಿ ಅಷ್ಟು ಕುಗ್ಗಿದ್ದನ್ನು ನಾನು ಹಿಂದೆಂದೂ ನೋಡಿರಲಿಲ್ಲ.

ಓಣಿಯವರು ಮತ್ತೆ ಹಿಟ್ಟು ತಂದರು, ಮತ್ತೆ ಬಡಿದರು. ಇಲ್ಲದಿದ್ದುದು ಬಿಸಿಲು. ಚಂಡಮಾರುತದ ಬೆನ್ನಿಗೇ ಹತ್ತಿದ ಜಿಟಿಜಿಟಿ ಮಳೆ ನಮ್ಮೂರನ್ನು ಇನ್ನೂ ಬಿಟ್ಟಿರಲಿಲ್ಲ. ಗ್ಯಾಸ್ ಒಲೆಯ ಮಗ್ಗುಲಲ್ಲಿ ಲಾರಿಗಾಗುವಷ್ಟು ರೊಟ್ಟಿ ಒಣಗುವುದುಂಟೇ? ಅಷ್ಟರಲ್ಲಿ ಕಿಟಕಿಯಿಂದ ಭಟ್ಟಿಯ ಹೊಗೆ ಒಳಗೆ ಬಂತು. ಅಜ್ಜಿ ಅದನ್ನು ಬೈಯಲಿಲ್ಲ. ಸೆರಗು ಹೊದ್ದು ನನ್ನ ಕೈ ಹಿಡಿದು ಹೊರಟಳು. ಎರಡು ಮನೆಗಳ ನಡುವೆ ಇದ್ದದ್ದು ಒಂದು ಚರಂಡಿ. ಅಜ್ಜಿ ಅದನ್ನು ಹೊಳೆ ದಾಟಿದಷ್ಟು ನಿಧಾನವಾಗಿ ದಾಟಿದಳು.

ಮಾಬುಬಿ ಭಟ್ಟಿಯ ಮುಂದೆ ಜರಡಿ ಹಿಡಿದು ಕೂತಿದ್ದಳು.

"ಮಾಬುಬಿ, ನಿನ್ನ ಭಟ್ಟಿ ಕಾವು ಬೇಕಾಗೈತಿ," ಎಂದಳು ಅಜ್ಜಿ, ಮುಖ ಎತ್ತದೆ.

ಮಾಬುಬಿಗೆ ನಗು ಬಂದದ್ದು ನನಗೆ ಕಂಡಿತು. "ಹೊಗಿ ಬರ್ತೈತಿ ನೋಡ್ರಿ, ಅವ್ವಾರ."

"ಬರ್ಲಿ ಬಿಡು."

ಮಂಡಕ್ಕಿ ಹುರಿಯುವುದು ಅಲ್ಲಿಗೇ ನಿಂತಿತು. ಕಾದ ಗೋಡೆಗಳ ಉದ್ದಕ್ಕೂ ಚೀಲ ಹಾಸಿ, ನಾವು ಮಕ್ಕಳು ರೊಟ್ಟಿಗಳನ್ನು ಸಾಲಾಗಿ ಒರಗಿಸಿ ನಿಲ್ಲಿಸಿದೆವು. ಬೆವರು ಸುರಿಸುತ್ತ ಮಗ್ಗುಲು ಬದಲಿಸಿದೆವು. ಬೆಂಕಿಗೆ ಎಷ್ಟು ಹತ್ತಿರ ಇಡಬೇಕು ಎಂದು ಅಜ್ಜಿಗೂ ಮಾಬುಬಿಗೂ ಜಗಳ ಹತ್ತಿತು, ಈ ಸಲ ಎದುರುಬದುರು ನಿಂತು. ಸಂಜೆ ಅಜ್ಜಿ ಒಂದು ರೊಟ್ಟಿ ಎತ್ತಿ ಮುರಿದಳು. ಕಟಕ್! ನಾವು ಹೋ ಎಂದು ಕುಣಿದೆವು, ಹೆಂಗಸರು ಚಪ್ಪಾಳೆ ತಟ್ಟಿದರು. ರೊಟ್ಟಿ, ಶೇಂಗಾ ಚಟ್ನಿಪುಡಿ, ಅವುಗಳ ಜೊತೆ ಮಾಬುಬಿಯ ಮಂಡಕ್ಕಿ ಚೀಲಗಳೂ ಲಾರಿ ಹತ್ತಿದವು. ಬೆಳಿಗ್ಗೆ ಲಾರಿಯ ಹಿಂದೆ ಊರ ತುದಿಯವರೆಗೂ ಓಡಿದೆವು. ಆಮೇಲೆ ಜೀವನದಲ್ಲಿ ಬಹುಮಾನಗಳನ್ನೂ ಗೆದ್ದಿದ್ದೇನೆ, ಅಂಥ ಗೆಲುವು ಇನ್ನೊಂದಿಲ್ಲ.

ಕಾಕಾ ಮರಳಿ ಬಂದು ಹೇಳಿದ. ಅಪ್ಪಲಮ್ಮ ರೊಟ್ಟಿಯನ್ನು ದೊಡ್ಡ ಹಪ್ಪಳವೆಂದು ತಿಳಿದು, ಗಂಜಿಯ ಜೊತೆ ಕಟುಮ್ ಎನಿಸಿ ನಕ್ಕಳಂತೆ. ಹೊಗೆಯ ವಾಸನೆ ಚೆನ್ನಾಗಿದೆ ಎಂದಳಂತೆ. ಉರುಳಿದ ಮರದ್ದೊಂದು ತೆಂಗಿನಕಾಯಿ ಕಳಿಸಿದ್ದಳು. ಅಜ್ಜಿ ಅದನ್ನು ಒಡೆದು, ಒಂದು ಹೋಳು ಹಿಡಿದು ತಾನೇ ಚರಂಡಿ ದಾಟಿದಳು. ಈ ಸಲ ಹೊತ್ತು ಹಿಡಿಯಲಿಲ್ಲ.

ಈಗ ಅಜ್ಜಿಯೂ ಇಲ್ಲ, ಮಾಬುಬಿಯೂ ಇಲ್ಲ. ಭಟ್ಟಿ ಊರಾಚೆ ಹೋಗಿದೆ. ಎಲ್ಲಾದರೂ ಚಂಡಮಾರುತ ಎಂದರೆ ನಾನು ಕೂತಲ್ಲೇ ಫೋನ್ ಒತ್ತಿ ಒಂದಿಷ್ಟು ದುಡ್ಡು ಕಳಿಸುತ್ತೇನೆ. ಯಾರು ಉಂಡರೋ, ನಕ್ಕರೋ ತಿಳಿಯುವುದಿಲ್ಲ. ಪ್ರತಿ ಬೇಸಿಗೆ ಅದೇ ಮಾಳಿಗೆಯ ಮೇಲೆ ಸಂಡಿಗೆ ಹಾಕುತ್ತೇನೆ. ಅಜ್ಜಿ ಬದುಕಿಡೀ ಬಯಸಿದ ಹಾಗೆ, ಒಂದು ಚೂರೂ ಮಸಿಯಿಲ್ಲದೆ ಬೆಳ್ಳಗೆ ಒಣಗುತ್ತವೆ. ಆದರೂ ಎತ್ತಿಡುವಾಗ ಒಂದೊಂದನ್ನೂ ತಿರುಗಿಸಿ ಮಸಿ ಹುಡುಕುತ್ತೇನೆ.